ಎರಡು ವರ್ಷದಿಂದ ಕಾಲು ನೋವು. ನಾನು ನೆಪ ಹೇಳುತ್ತಿಲ್ಲ

ಅಂಕೋಲೆ ಹುಡುಗಿ | ಜೂನ್ 8, ರಾತ್ರಿ

ಎಲ್ಲರಿಗೂ ನಮಸ್ಕಾರ. ಅಮ್ಮನ ಫೋನಿನಿಂದ ಬರೆಯುತ್ತಿದ್ದೇನೆ. ನನಗೆ 14 ವರ್ಷ. ಈ ವರ್ಷ ಒಂಬತ್ತನೇ ಕ್ಲಾಸ್.

ಏಳನೇ ಕ್ಲಾಸಿನಿಂದ ನನ್ನ ಬಲಗಾಲು ನೋಯುತ್ತದೆ. ಬರುತ್ತದೆ, ನಾಲ್ಕು ದಿನ ಇರುತ್ತದೆ, ಹೋಗುತ್ತದೆ. ಮತ್ತೆ ಬರುತ್ತದೆ. ಮೊದಲು ಪಾದ ಮಾತ್ರ ನೋಯುತ್ತಿತ್ತು. ಈಗ ಮೀನಖಂಡದವರೆಗೂ ಹಿಡಿದುಕೊಳ್ಳುತ್ತದೆ. ಮನೆಯಿಂದ ಬಸ್ ಸ್ಟಾಪಿಗೆ ಗದ್ದೆಯ ಬದುವಿನ ಮೇಲೆ ನಡೆದು ಹೋಗಬೇಕು. ಅಷ್ಟರಲ್ಲೇ ಪಾದ ಬಿಗಿಯಾಗುತ್ತದೆ. ಸಮುದ್ರದ ಕಡೆ ಮರಳಲ್ಲಿ ನಡೆದರೆ ಇನ್ನೂ ಜಾಸ್ತಿ. ಶಾಲೆಯಲ್ಲಿ ನಮ್ಮ ಕ್ಲಾಸ್ ಮಹಡಿ ಮೇಲಿದೆ. ಸಂಜೆ ಮನೆಗೆ ಬರುವಾಗ ಕುಂಟುತ್ತಿರುತ್ತೇನೆ. ಕಾಲು ಉಳುಕುವುದೂ ಜಾಸ್ತಿ. ಎರಡು ವರ್ಷದಲ್ಲಿ ಐದು ಸಲ ಉಳುಕಿದೆ. ಐದು ಸಲವೂ ಬಲಗಾಲೇ.

ಥ್ರೋಬಾಲ್ ಟೀಮಿನಲ್ಲಿದ್ದೆ, ಈಗ ಇಲ್ಲ. ಆಟದ ಪಿರಿಯಡ್‌ನಲ್ಲಿ ಕೂತರೆ ನೆಪ ಅನ್ನುತ್ತಾರೆ. ಯಾಕೆಂದರೆ ಕೆಲವು ದಿನ ನಾನು ಚೆನ್ನಾಗಿಯೇ ಓಡುತ್ತೇನೆ. ನಿನ್ನೆ ಓಡಿದವಳು ಇವತ್ತು ಯಾಕೆ ಕೂತೆ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇರುವುದಿಲ್ಲ.

ಒಬ್ಬರು ಡಾಕ್ಟರಿಗೆ ತೋರಿಸಿದ್ದೇವೆ. ಚಪ್ಪಟೆ ಪಾದ, ಬೆಳೆಯುವ ವಯಸ್ಸು ಅಂದರು. ಕ್ಯಾಲ್ಸಿಯಂ ಮಾತ್ರೆ ಕೊಟ್ಟರು. ಅಜ್ಜಿ ರಾತ್ರಿ ತೆಂಗಿನೆಣ್ಣೆ ಬಿಸಿ ಮಾಡಿ ತಿಕ್ಕುತ್ತಾಳೆ. ಆಗ ಹಿತ ಅನ್ನಿಸುತ್ತದೆ. ಮಾರನೇ ದಿನ ಬದು ದಾಟುವಾಗ ಮತ್ತೆ ಅದೇ.

ಅಪ್ಪ ಬೋಟಿಗೆ ಹೋಗುತ್ತಾರೆ. ಈಗ ಜುಲೈ 31ರವರೆಗೆ ಮೀನುಗಾರಿಕೆ ಬಂದ್, ಹಾಗಾಗಿ ಮನೆಯಲ್ಲಿದ್ದಾರೆ. ದೊಡ್ಡ ಊರಿಗೆ ತೋರಿಸಲು ಹೋಗುವುದಿದ್ದರೆ ಈಗಲೇ ಹೋಗಬೇಕು. ಆದರೆ ಮನೆಯಲ್ಲಿ ದುಡ್ಡಿಲ್ಲದ ಕಾಲವೂ ಇದೇ. ಕರೆದುಕೊಂಡು ಹೋದ ಮೇಲೆ ಏನೂ ಇಲ್ಲ ಅಂದುಬಿಟ್ಟರೆ? ಆ ಹೆದರಿಕೆಗೇ ನಾನು ಜೋರಾಗಿ ಹೇಳುತ್ತಿಲ್ಲ. ಯಾರಿಗಾದರೂ ಹೀಗೆ ಆಗಿತ್ತಾ?


ಕಾರವಾರ ಕಡಲು | ಜೂನ್ 8, ರಾತ್ರಿ

ಹೆದರಬೇಡ ಪುಟ್ಟಿ. ನನ್ನ ಮಗಳೂ ರಾತ್ರಿ ಕಾಲು ನೋವು ಅಂತ ಅಳುತ್ತಿದ್ದಳು. ಬೆಳಿಗ್ಗೆ ಎದ್ದು ಆಡುತ್ತಿದ್ದಳು. ಬೆಳೆಯುವ ನೋವು ಅದು. ಹತ್ತು ವರ್ಷ ಆಗುವಾಗ ತಾನಾಗೇ ಹೋಯಿತು.


ಕುಮಟಾ ಫಿಸಿಯೋ | ಜೂನ್ 9, ಬೆಳಿಗ್ಗೆ

ಕಾರವಾರದ ಅಕ್ಕ, ನಿಮ್ಮ ಮಗಳಿಗೆ ಆಗಿದ್ದು ಬೆಳೆಯುವ ನೋವೇ ಇರಬೇಕು. ಅದು ಸಾಮಾನ್ಯವಾಗಿ 3ರಿಂದ 12 ವರ್ಷದ ಮಕ್ಕಳಿಗೆ ಬರುತ್ತದೆ. ಎರಡೂ ಕಾಲಿಗೆ ಬರುತ್ತದೆ. ಸಂಜೆ ಅಥವಾ ರಾತ್ರಿ ಬರುತ್ತದೆ. ಬೆಳಿಗ್ಗೆ ಏನೂ ಇರುವುದಿಲ್ಲ, ಮಗು ಕುಂಟುವುದಿಲ್ಲ, ಆಟ ಬಿಡುವುದಿಲ್ಲ. ತಿಕ್ಕಿದರೆ ಹೋಗುತ್ತದೆ.

ಈ ತಂಗಿಯದು ಹಾಗಿಲ್ಲ. ಒಂದೇ ಕಾಲು. ನಡೆದ ಮೇಲೆ ಜಾಸ್ತಿ. ಕುಂಟುತ್ತಾಳೆ. ಆಟ ಬಿಟ್ಟಿದ್ದಾಳೆ. ಒಂದೇ ಪಾದದ ಗಂಟು ಐದು ಸಲ ಉಳುಕಿದೆ. ಇದಕ್ಕೆ ಬೆಳೆಯುವ ನೋವು ಅಂತ ಹೆಸರಿಟ್ಟು ಸುಮ್ಮನೆ ಕೂರುವುದು ಸರಿಯಲ್ಲ.

ತಂಗಿ, ಎರಡು ಕೆಲಸ ಮಾಡು. ಮೊದಲನೆಯದು, ಒಂದೇ ಬೆರಳಲ್ಲಿ ನೋವಿನ ಜಾಗ ತೋರಿಸು. ಅಂಗೈಯಲ್ಲಿ ಸವರಿ ಇಡೀ ಪಾದ ಅನ್ನಬೇಡ. ಒಂದು ಬೆರಳು, ಒಂದು ಜಾಗ. ನನ್ನ ಹತ್ತಿರ ಬರುವ ಮಕ್ಕಳಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ. ಹಿಮ್ಮಡಿಯ ಹಿಂಭಾಗ ತೋರಿಸಿದರೆ ಒಂದು ಕಥೆ, ಮಂಡಿಯ ಕೆಳಗಿನ ಗುಬ್ಬು ತೋರಿಸಿದರೆ ಇನ್ನೊಂದು, ಗಂಟಿನ ಹೊರಬದಿಯಾದರೆ ಮತ್ತೊಂದು.

ಎರಡನೆಯದು, ಗೋಡೆಗೆ ಮುಖ ಮಾಡಿ ಬರಿಗಾಲಲ್ಲಿ ನಿಂತುಕೋ. ಅಮ್ಮ ಹಿಂದಿನಿಂದ ಹಿಮ್ಮಡಿ ಕಾಣುವ ಹಾಗೆ ಫೋಟೋ ತೆಗೆಯಲಿ. ಆಮೇಲೆ ತುದಿಗಾಲಲ್ಲಿ ನಿಲ್ಲು. ಇನ್ನೊಂದು ಫೋಟೋ. ಎಡ, ಬಲ ಒಂದೇ ಥರ ಇದೆಯಾ ನೋಡಿ ಹೇಳು.

ಚಪ್ಪಟೆ ಪಾದದಲ್ಲಿ ಎರಡು ಬಗೆ ಇದೆ. ಒಂದು ಮೆದುವಾದದ್ದು. ನಿಂತಾಗ ಅಂಗಾಲಿನ ಗುಳಿ ಕಾಣುವುದಿಲ್ಲ, ತುದಿಗಾಲಲ್ಲಿ ನಿಂತರೆ ಕಾಣುತ್ತದೆ. ಅದು ತುಂಬಾ ಜನರಿಗೆ ಇರುತ್ತದೆ. ನೋವಿಲ್ಲದಿದ್ದರೆ ಅದಕ್ಕೆ ಔಷಧವೂ ಬೇಡ, ವಿಶೇಷ ಶೂ ಕೂಡ ಬೇಡ. ಇನ್ನೊಂದು ಗಡುಸಾದದ್ದು. ತುದಿಗಾಲಲ್ಲಿ ನಿಂತರೂ ಗುಳಿ ಮೂಡುವುದಿಲ್ಲ, ಹಿಮ್ಮಡಿ ಒಳಕ್ಕೆ ವಾಲುವುದಿಲ್ಲ. ಆಗ ಕಾರಣ ಹುಡುಕಲೇಬೇಕು.


ಶಿರಸಿ ಆಯಿ | ಜೂನ್ 9, ಮಧ್ಯಾಹ್ನ

ಮಗಾ, ನೀನು ಬರೆದದ್ದು ಓದಿ ಹೊಟ್ಟೆ ಚುರ್ ಅಂತು. ನನ್ನ ಮಗನಿಗೆ ಹದಿಮೂರು ವರ್ಷ ಇದ್ದಾಗ ಮಂಡಿ ನೋವು ಶುರುವಾಯಿತು. ಅವನು ಯಕ್ಷಗಾನ ಕಲಿಯುತ್ತಿದ್ದ. ನಮ್ಮ ಬಡಗಿನಲ್ಲಿ ಮಂಡಿ ಕುಣಿತ ಇದೆಯಲ್ಲ, ಎರಡೂ ಮಂಡಿ ನೆಲಕ್ಕೂರಿ ಗಿರ್ರನೆ ತಿರುಗುವುದು. ಜನ ಅದಕ್ಕೇ ಚಪ್ಪಾಳೆ ತಟ್ಟುವುದು. ಅವನಿಗೂ ಅದೇ ಹುಚ್ಚು. ಅಂಗಳದಲ್ಲಿ ದಿನಾ ಮಂಡಿ ಹಾಕುತ್ತಿದ್ದ. ಮಂಡಿಚಿಪ್ಪಿನ ಕೆಳಗೆ ಅಡಿಕೆಯಷ್ಟು ದಪ್ಪ ಗುಬ್ಬು ಬಂತು. ಮುಟ್ಟಿದರೆ ಕೂಗುತ್ತಿದ್ದ.

ನಾನು ಗಂಟೋ ಏನೋ ಅಂತ ಹೆದರಿಬಿಟ್ಟಿದ್ದೆ. ಮೂಳೆ ಡಾಕ್ಟರು ಒತ್ತಿ ನೋಡಿ, ಎಕ್ಸ್‌ರೇ ತೆಗೆಸಿ, ಆಸ್‌ಗುಡ್ ಶ್ಲ್ಯಾಟರ್ ಅಂದರು. ಆ ವಯಸ್ಸಿನಲ್ಲಿ ತೊಡೆಯ ಸ್ನಾಯು ಬಂದು ಅಂಟಿಕೊಳ್ಳುವ ಜಾಗದಲ್ಲಿ ಮೂಳೆ ಇನ್ನೂ ಎಳೆಯದಾಗಿರುತ್ತದಂತೆ. ಹಾರಿ, ಕುಣಿದು ಮಾಡಿದಾಗ ಸ್ನಾಯು ಅದನ್ನು ಎಳೆಯುತ್ತಲೇ ಇರುತ್ತದೆ. ಹಾಗಾಗಿ ನೋವು, ಹಾಗಾಗಿ ಗುಬ್ಬು. ಬೆಳವಣಿಗೆ ಮುಗಿದ ಮೇಲೆ ನೋವು ನಿಲ್ಲುತ್ತದೆ, ಗುಬ್ಬು ಮಾತ್ರ ಉಳಿಯಬಹುದು ಅಂದರು. ಹಾಗೇ ಆಯಿತು. ಈಗ ಹತ್ತೊಂಬತ್ತು ಅವನಿಗೆ. ಗುಬ್ಬು ಇದೆ, ನೋವಿಲ್ಲ.

ನಾನು ಹೇಳಬೇಕೆಂದದ್ದು ಬೇರೆ. ಡಾಕ್ಟರು ಕುಣಿತ ಬಿಡು ಅನ್ನಲಿಲ್ಲ. ಮಂಡಿ ಹಾಕುವುದು ಆರು ತಿಂಗಳು ಬೇಡ, ಉಳಿದ ಹೆಜ್ಜೆ ಮಾಡು ಅಂದರು. ಅವನ ಗುರುಗಳೂ ಒಪ್ಪಿದರು. ಆ ಆರು ತಿಂಗಳು ಬರೀ ಮಾತುಗಾರಿಕೆ ಮತ್ತು ಹಸ್ತಾಭಿನಯ ಕಲಿಸಿದರು. ಪೂರ್ತಿ ಬಿಡಿಸಿದ್ದರೆ ಹುಡುಗ ಕುಗ್ಗಿಹೋಗುತ್ತಿದ್ದ. ನಿನಗೂ ಥ್ರೋಬಾಲ್ ಪೂರ್ತಿ ಹೋಯಿತು ಅಂತ ಅಂದುಕೊಳ್ಳಬೇಡ.


ಹಳಿಯಾಳದ ಅಣ್ಣ | ಜೂನ್ 9, ಸಂಜೆ

ನೋವು ಒಂದು ಕಡೆ, ಕಾರಣ ಇನ್ನೊಂದು ಕಡೆ ಇರುವುದೂ ಉಂಟು. ಅದಕ್ಕೇ ಇದನ್ನು ಹೇಳುತ್ತಿದ್ದೇನೆ. ನನ್ನ ತಮ್ಮನಿಗೆ 13 ವರ್ಷ. ಸ್ವಲ್ಪ ದಪ್ಪ ಮೈ. ಎರಡು ತಿಂಗಳು ಮಂಡಿ ನೋವು ಅಂದ. ಮಂಡಿ ಎಕ್ಸ್‌ರೇ ಎರಡು ಸಲ ತೆಗೆಸಿದೆವು, ಎರಡು ಸಲವೂ ಸರಿ ಇದೆ ಅಂದರು. ಅವನು ನಡೆಯುವಾಗ ಪಾದ ಹೊರಕ್ಕೆ ತಿರುಗಿರುತ್ತಿತ್ತು. ನಾವು ಅದನ್ನು ನಡಿಗೆಯ ಅಭ್ಯಾಸ ಅಂದುಕೊಂಡೆವು.

ಹುಬ್ಬಳ್ಳಿಯಲ್ಲಿ ಒಬ್ಬ ಡಾಕ್ಟರು ಮಂಡಿ ಮುಟ್ಟಲೇ ಇಲ್ಲ. ಮಲಗಿಸಿ ತೊಡೆ ಎತ್ತಿ ಒಳಕ್ಕೆ ತಿರುಗಿಸಿದರು. ಹುಡುಗ ಕಿರುಚಿದ. ಸೊಂಟದ ಕೀಲಿನ ಎಕ್ಸ್‌ರೇ ತೆಗೆದರೆ ತೊಡೆ ಮೂಳೆಯ ಗುಂಡು ಬೆಳವಣಿಗೆಯ ಜಾಗದಲ್ಲಿ ಜಾರಿತ್ತು. ಅವತ್ತಿನಿಂದ ಒಂದು ಹೆಜ್ಜೆಯನ್ನೂ ಇಡಲು ಬಿಡಲಿಲ್ಲ. ಮಾರನೇ ದಿನ ಸ್ಕ್ರೂ ಹಾಕಿದರು. ಇನ್ನೂ ತಡ ಮಾಡಿದ್ದರೆ ಆ ಗುಂಡಿಗೆ ರಕ್ತ ಹೋಗುವುದೇ ನಿಲ್ಲಬಹುದಿತ್ತು ಅಂದರು.

ಹತ್ತರಿಂದ ಹದಿನಾರು ವರ್ಷದ ಮಕ್ಕಳು ಮಂಡಿ ನೋವು ಅಂತ ಕುಂಟಿದರೆ ಸೊಂಟವನ್ನೂ ನೋಡಿ ಅಂತ ಡಾಕ್ಟರ ಹತ್ತಿರ ಬಾಯಿ ಬಿಟ್ಟು ಕೇಳಿ. ನಾವು ಕೇಳಲಿಲ್ಲ. ನಮಗೆ ಗೊತ್ತೇ ಇರಲಿಲ್ಲ.


ಹೊನ್ನಾವರ ಪಿ.ಟಿ. ಮಾಸ್ತರ್ | ಜೂನ್ 10, ಬೆಳಿಗ್ಗೆ

ನಾನು 31 ವರ್ಷ ದೈಹಿಕ ಶಿಕ್ಷಕನಾಗಿ ಕೆಲಸ ಮಾಡಿ ನಿವೃತ್ತನಾದವನು. ಈ ಹುಡುಗಿಯ "ನೆಪ" ಅನ್ನುವ ಮಾತು ಓದಿ ರಾತ್ರಿ ನಿದ್ದೆ ಬರಲಿಲ್ಲ. ಆ ಮಾತನ್ನು ನಾನೂ ಎಷ್ಟೋ ಮಕ್ಕಳಿಗೆ ಅಂದಿದ್ದೇನೆ.

ನಮ್ಮ ಕಡೆ ಹೇಗೆ ಅಂದರೆ, ಜೂನ್ ಜುಲೈ ಪೂರ್ತಿ ಮಳೆ. ಮೈದಾನದಲ್ಲಿ ನೀರು. ಮಕ್ಕಳು ಎರಡು ತಿಂಗಳು ಕೂತೇ ಇರುತ್ತಾರೆ. ಮಳೆ ಸ್ವಲ್ಪ ಬಿಡುವು ಕೊಟ್ಟ ಕೂಡಲೇ ವಲಯ ಮಟ್ಟದ ಕ್ರೀಡಾಕೂಟ ಬರುತ್ತದೆ. ಎರಡು ವಾರದಲ್ಲಿ ತಯಾರಿ ಮಾಡಿಸಬೇಕು. ಗಟ್ಟಿ ಚಿರೆಕಲ್ಲಿನ ನೆಲದ ಮೇಲೆ, ಬರಿಗಾಲಲ್ಲಿ, ಬೆಳಿಗ್ಗೆ ಸಂಜೆ ಓಡಿಸುತ್ತಿದ್ದೆವು. ಮೂರನೇ ದಿನ ಆರು, ಏಳನೇ ಕ್ಲಾಸಿನ ಹುಡುಗರು ಹಿಮ್ಮಡಿ ಊರದೆ ತುದಿಗಾಲಲ್ಲಿ ಬರುತ್ತಿದ್ದರು. ನಾಟಕ ಮಾಡಬೇಡ ಓಡು ಅನ್ನುತ್ತಿದ್ದೆ.

ಒಂದು ತರಬೇತಿಯಲ್ಲಿ ಡಾಕ್ಟರು ಹೇಳಿದ ಮೇಲೆ ನನಗೆ ತಿಳಿಯಿತು. ಎಂಟರಿಂದ ಹದಿನಾಲ್ಕು ವರ್ಷದ ಒಳಗೆ ಹಿಮ್ಮಡಿ ಮೂಳೆಯ ಹಿಂದಿನ ತುಂಡು ಇನ್ನೂ ಬೆಸೆದಿರುವುದಿಲ್ಲ. ಮೀನಖಂಡದ ಸ್ನಾಯು ಅದನ್ನು ಮೇಲಕ್ಕೆ ಎಳೆಯುತ್ತದೆ, ನೆಲ ಕೆಳಗಿನಿಂದ ಗುದ್ದುತ್ತದೆ. ಸೀವರ್ಸ್ ಅಂತ ಕರೆಯುತ್ತಾರೆ. ಹಿಮ್ಮಡಿಯನ್ನು ಎರಡು ಬದಿಯಿಂದ ಹೆಬ್ಬೆರಳು, ತೋರುಬೆರಳಲ್ಲಿ ಹಿಂಡಿದರೆ ಮಗು ಕಾಲು ಎಳೆದುಕೊಳ್ಳುತ್ತದೆ. ಅಷ್ಟೇ ಪರೀಕ್ಷೆ. ಆಟ ಕಡಿಮೆ ಮಾಡಿ, ಹಿಮ್ಮಡಿ ಕೆಳಗೆ ಮೆತ್ತನೆಯ ಪ್ಯಾಡ್ ಇಟ್ಟು, ಮೀನಖಂಡ ಎಳೆಯುವ ವ್ಯಾಯಾಮ ಮಾಡಿಸಿದರೆ ಕೆಲವು ವಾರಗಳಲ್ಲಿ ಕಡಿಮೆಯಾಗುತ್ತದೆ.

ಮಗಳೇ, ಒಂದು ದಿನ ಓಡಿ ಇನ್ನೊಂದು ದಿನ ಕೂರುವುದೇ ಇಂಥ ನೋವಿನ ಗುಣ. ನಿನ್ನೆ ಓಡಿದ್ದಕ್ಕೇ ಇವತ್ತು ನೋವು. ಅದೇ ನಿನ್ನ ಉತ್ತರ. ಯಾರು ಕೇಳಿದರೂ ಇಷ್ಟೇ ಹೇಳು.


ಅಂಕೋಲೆ ಹುಡುಗಿ | ಜೂನ್ 10, ರಾತ್ರಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಾಸ್ತರರ ಕೊನೆಯ ಮಾತನ್ನು ಅಮ್ಮನಿಗೆ ಓದಿ ಹೇಳಿದೆ.

ಒಂದೇ ಬೆರಳಲ್ಲಿ ತೋರಿಸಿದರೆ ಗಂಟಿನ ಹೊರಬದಿಯ ಮೂಳೆಗಿಂತ ಸ್ವಲ್ಪ ಮುಂದೆ, ಸ್ವಲ್ಪ ಕೆಳಗೆ ಬರುತ್ತದೆ. ಅಲ್ಲಿ ಒಂದು ಸಣ್ಣ ತಗ್ಗು ಇದೆ. ಒತ್ತಿದರೆ ಅಲ್ಲೇ.

ಫೋಟೋ ತೆಗೆದೆವು. ಜಗುಲಿಯ ಸಿಮೆಂಟ್ ನೆಲದ ಮೇಲೆ ನಿಂತಿದ್ದೆ, ಕಾಲು ತೊಳೆದು ಬಂದಿದ್ದೆ. ಮೊದಲ ಫೋಟೋದಲ್ಲಿ ಎರಡೂ ಪಾದ ಚಪ್ಪಟೆ, ಏನೂ ವ್ಯತ್ಯಾಸ ಕಾಣಲಿಲ್ಲ. ತುದಿಗಾಲಲ್ಲಿ ನಿಂತಾಗ ಅಮ್ಮ "ಅಯ್ಯೋ" ಅಂದಳು. ಎಡ ಹಿಮ್ಮಡಿ ಒಳಕ್ಕೆ ವಾಲಿದೆ. ಅಂಗಾಲು ಎದ್ದು ಒಳಗೆ ನೆರಳು ಬಿದ್ದಿದೆ, ಗುಳಿ ಚೆನ್ನಾಗಿ ಕಾಣುತ್ತದೆ. ಬಲ ಹಿಮ್ಮಡಿ ನೇರವಾಗಿ ಕಂಬದ ಹಾಗೆ ನಿಂತಿದೆ. ಗುಳಿ ಇಲ್ಲವೇ ಇಲ್ಲ. ನೀರಿನ ಗುರುತೂ ಹಾಗೇ ಬಿದ್ದಿತ್ತು. ಎಡಗಡೆ ಬೆರಳುಗಳದ್ದು ಮಾತ್ರ, ಬಲಗಡೆ ಅರ್ಧ ಪಾದದ್ದು.

ಅಜ್ಜಿಯೂ ಬಗ್ಗಿ ನೋಡಿದಳು. ಏನೂ ಮಾತಾಡಲಿಲ್ಲ. ಅವತ್ತು ರಾತ್ರಿ ಎಣ್ಣೆ ತಿಕ್ಕುವಾಗ ಆ ತಗ್ಗನ್ನು ಬಿಟ್ಟು ತಿಕ್ಕಿದಳು.


ಕುಮಟಾ ಫಿಸಿಯೋ | ಜೂನ್ 10, ರಾತ್ರಿ

ಆ ಫೋಟೋ ಅಳಿಸಬೇಡ. ಡಾಕ್ಟರಿಗೆ ಅದನ್ನೇ ತೋರಿಸು.

ಫೋಟೋ ನೋಡದೆ, ಪಾದ ಮುಟ್ಟದೆ ಕಾಯಿಲೆ ಇಂಥದ್ದೇ ಅಂತ ನಾನು ಹೇಳಬಾರದು. ಆದರೆ ಗಡುಸು ಚಪ್ಪಟೆ ಪಾದ, ಪದೇ ಪದೇ ಉಳುಕುವುದು, ಏರುಪೇರು ನೆಲದಲ್ಲಿ ಜಾಸ್ತಿಯಾಗುವುದು, ಹನ್ನೆರಡು ವರ್ಷದ ಆಸುಪಾಸಿನಲ್ಲಿ ಶುರುವಾದದ್ದು, ಇವೆಲ್ಲ ಸೇರಿದರೆ ಟಾರ್ಸಲ್ ಕೊಯಲಿಷನ್ ಇದೆಯಾ ಅಂತ ನೋಡಬೇಕು. ಅಂದರೆ ಪಾದದ ಹಿಂಭಾಗದಲ್ಲಿ ಬೇರೆ ಬೇರೆ ಇರಬೇಕಾದ ಎರಡು ಮೂಳೆಗಳು ಹುಟ್ಟುವ ಮೊದಲೇ ಒಂದಕ್ಕೊಂದು ಅಂಟಿಕೊಂಡಿರುವುದು. ಚಿಕ್ಕವರಿದ್ದಾಗ ಆ ಸೇತುವೆ ಮೆತ್ತಗಿರುತ್ತದೆ, ಬಾಗುತ್ತದೆ, ಗೊತ್ತಾಗುವುದಿಲ್ಲ. ಎಂಟರಿಂದ ಹದಿನಾರರ ಒಳಗೆ ಅದು ಗಟ್ಟಿಯಾಗುತ್ತ ಬರುತ್ತದೆ. ಆಗ ಪಾದ ಪಕ್ಕಕ್ಕೆ ವಾಲುವುದು ಕಡಿಮೆಯಾಗುತ್ತದೆ. ಗದ್ದೆಯ ಬದು, ಮರಳು, ತೋಟದ ಇಳಿಜಾರು, ಇಂಥ ಕಡೆ ಪಾದ ವಾಲಲೇಬೇಕು. ವಾಲದಿದ್ದರೆ ಗಂಟು ಉಳುಕುತ್ತದೆ, ಮೀನಖಂಡದ ಹೊರಬದಿಯ ಸ್ನಾಯು ಬಿಗಿ ಹಿಡಿಯುತ್ತದೆ.

ಮೂಳೆ ಡಾಕ್ಟರ ಹತ್ತಿರ ಹೋದಾಗ ಪಾದದ ಎಕ್ಸ್‌ರೇಯನ್ನು ನೇರ, ಪಕ್ಕ ಮಾತ್ರವಲ್ಲ, ಓರೆಯಾಗಿಯೂ ತೆಗೆಸಬೇಕಾ ಅಂತ ಅಪ್ಪ ಕೇಳಲಿ. ಒಂದು ಬಗೆಯ ಅಂಟು ಆ 45 ಡಿಗ್ರಿ ಓರೆ ಚಿತ್ರದಲ್ಲೇ ಚೆನ್ನಾಗಿ ಕಾಣುವುದು. ಇನ್ನೊಂದು ಬಗೆ ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣದೇ ಸಿ.ಟಿ. ಸ್ಕ್ಯಾನ್ ಬೇಕಾಗಬಹುದು.

ಓದುತ್ತಿರುವ ಉಳಿದ ಅಪ್ಪ ಅಮ್ಮಂದಿರಿಗೂ ಒಂದು ಮಾತು. ಒಂದೇ ಕಾಲಿನ ನೋವು ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ವಿಶ್ರಾಂತಿ ಕೊಟ್ಟರೂ ದಿನದಿಂದ ದಿನಕ್ಕೆ ಜಾಸ್ತಿಯಾದರೆ, ಮಂಡಿಯ ಹತ್ತಿರ ಗಟ್ಟಿ ಊತ ಬಂದರೆ, ಕಾರಣವಿಲ್ಲದೆ ತೂಕ ಇಳಿದರೆ ಒಂದು ವಾರವೂ ಕಾಯಬೇಡಿ. ಹದಿಹರೆಯದಲ್ಲಿ ಮೂಳೆ ಕ್ಯಾನ್ಸರ್ ಬರುವುದು ತುಂಬಾ ಅಪರೂಪ. ಆದರೆ ಬಂದರೆ ಹೆಚ್ಚಾಗಿ ಮಂಡಿಯ ಮೇಲೆ ಕೆಳಗೇ ಬರುತ್ತದೆ, ಆಟದಲ್ಲಿ ಪೆಟ್ಟಾಗಿದ್ದು ಅಂತ ಎಣ್ಣೆ ತಿಕ್ಕಿಸುತ್ತ ಕಾಲ ಹೋಗುತ್ತದೆ. ಬೆಳಿಗ್ಗೆ ಎದ್ದ ಮೇಲೆ ಅರ್ಧ ಗಂಟೆಗಿಂತ ಜಾಸ್ತಿ ಕೀಲು ಬಿಗಿದಿದ್ದು, ಊತ ಆರು ವಾರ ದಾಟಿದರೆ ಅದು ಮಕ್ಕಳ ಸಂಧಿವಾತ ಇರಬಹುದು. ಅದಕ್ಕೆ ಬೇರೆಯೇ ಚಿಕಿತ್ಸೆ ಇದೆ.


ಸಿದ್ದಾಪುರ ನರ್ಸ್ | ಜೂನ್ 11, ಮಧ್ಯಾಹ್ನ

ಈ ಹುಡುಗಿಗೆ ಜ್ವರ ಇಲ್ಲ, ಹಾಗಾಗಿ ಇದು ಅವಳಿಗಲ್ಲ. ಮಳೆಗಾಲ ಶುರುವಾಗಿದೆ ಅಂತ ಬರೆಯುತ್ತಿದ್ದೇನೆ. ಗದ್ದೆ, ತೋಟದ ನೀರಿನಲ್ಲಿ ಓಡಾಡಿದ ಮಗುವಿಗೆ ಜ್ವರ ಬಂದು ಮೀನಖಂಡ ಮುಟ್ಟಲೂ ಆಗದಷ್ಟು ನೋವಿದ್ದರೆ, ಕಣ್ಣು ಕೆಂಪಾಗಿದ್ದರೆ ಇಲಿ ಜ್ವರ ಇರಬಹುದು. ಅವತ್ತೇ ಆಸ್ಪತ್ರೆಗೆ ಬನ್ನಿ. ಕಾಡಿನ ಅಂಚಿನ ನಮ್ಮ ಊರುಗಳಲ್ಲಿ ಡಿಸೆಂಬರ್‌ನಿಂದ ಮಳೆ ಬೀಳುವವರೆಗೆ ಜೋರು ಜ್ವರ, ಮೈಕೈ ಸೆಳೆತ ಬಂದರೆ ಮಂಗನ ಕಾಯಿಲೆಯ ಪರೀಕ್ಷೆ ಆಗಬೇಕು. ಜ್ವರ ಇರುವಾಗ ಮೈಕೈ ನೋವಿಗೆ ಅಂಗಡಿಯಿಂದ ಬ್ರೂಫೆನ್ ತಂದು ಕೊಡಬೇಡಿ. ಡೆಂಗಿ ಆಗಿದ್ದರೆ ರಕ್ತಸ್ರಾವದ ಅಪಾಯ ಇದೆ.

ಇನ್ನೊಂದು, ವಿಟಮಿನ್ ಡಿ. ರಕ್ತ ಪರೀಕ್ಷೆಯಲ್ಲಿ ಕಡಿಮೆ ಅಂತ ಬಂದರೆ 60,000 ಯೂನಿಟ್‌ನ ಪುಡಿ ಬರೆದುಕೊಡುತ್ತಾರೆ. ಅದು ಸಾಮಾನ್ಯವಾಗಿ ವಾರಕ್ಕೆ ಒಂದು. ದಿನಾ ಒಂದು ಕುಡಿಸಿದವರನ್ನು ನೋಡಿದ್ದೇನೆ. ಬೇಗ ವಾಸಿಯಾಗಲಿ ಅಂತ ಪ್ರೀತಿಯಿಂದಲೇ ಕುಡಿಸಿರುತ್ತಾರೆ, ಆದರೆ ಅದರಿಂದ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ತೊಂದರೆಯಾಗುತ್ತದೆ. ಚೀಟಿಯನ್ನು ಸರಿಯಾಗಿ ಓದಿಸಿಕೊಳ್ಳಿ.

ಮಗಾ, ಶಾಲೆಗೆ ಮಕ್ಕಳ ಆರೋಗ್ಯ ತಪಾಸಣೆ ಮಾಡುವ ಸರ್ಕಾರದ ಆರ್‌ಬಿಎಸ್‌ಕೆ ತಂಡ ಬಂದರೆ ಅವರಿಗೂ ಹೇಳು. 2013ರಿಂದ ಇರುವ ಕಾರ್ಯಕ್ರಮ, 18 ವರ್ಷದವರೆಗಿನ ಮಕ್ಕಳನ್ನು ನೋಡುತ್ತಾರೆ. ಅವರು ಬರೆದುಕೊಟ್ಟರೆ ಮುಂದಿನ ಆಸ್ಪತ್ರೆಗೆ ದಾರಿ ಸುಲಭ.


ದಾಂಡೇಲಿ ಕಾಳಿ | ಜೂನ್ 11, ರಾತ್ರಿ

ತಂಗಿ, ನಾನು ಈಗ ಕಾಲೇಜಿನಲ್ಲಿದ್ದೇನೆ. ನನಗಿದ್ದದ್ದು ಇದೇ ಕೊಯಲಿಷನ್, ಎಡಗಾಲಿಗೆ. ಹದಿಮೂರಕ್ಕೆ ಶುರುವಾಯಿತು, ಹದಿನಾರಕ್ಕೆ ಗೊತ್ತಾಯಿತು. ಮಧ್ಯದ ಮೂರು ವರ್ಷ ಹೇಗೆ ಕಳೆದೆ ಅಂತ ಬರೆಯುತ್ತೇನೆ. ನಿನಗೆ ಇದೇ ಇರಲಿ, ಬೇರೆ ಇರಲಿ, ಉಪಯೋಗಕ್ಕೆ ಬರಬಹುದು.

ನೋವಿಗಿಂತ ಜಾಸ್ತಿ ಸುಸ್ತು ಮಾಡಿದ್ದು ಲೆಕ್ಕ ಹಾಕುವುದು. ಕ್ಲಾಸಿನಿಂದ ನಲ್ಲಿಗೆ ಎಷ್ಟು ಹೆಜ್ಜೆ, ಶೌಚಾಲಯಕ್ಕೆ ಎಷ್ಟು. ನೀರು ಕುಡಿದರೆ ಮೆಟ್ಟಿಲು ಇಳಿಯಬೇಕಾಗುತ್ತದೆ ಅಂತ ನೀರು ಕುಡಿಯುತ್ತಿರಲಿಲ್ಲ. ಮಧ್ಯಾಹ್ನಕ್ಕೆ ತಲೆನೋವು. ನೀನು ಹಾಗೆ ಮಾಡಬೇಡ. ಬಾಟಲಿ ಜೊತೆಗಿಟ್ಟುಕೋ, ಮೆಟ್ಟಿಲನ್ನು ಬೇಕಾದರೆ ಕೂತು ಕೂತು ಇಳಿ.

ನೋವಿಗೆ ಅಂಕ ಕೊಡು. ಸೊನ್ನೆಯಿಂದ ಹತ್ತು. ನನಗೆ ಫಿಸಿಯೋ ಹೇಳಿಕೊಟ್ಟಿದ್ದು ಇದು. ಏನಾದರೂ ಮಾಡುವಾಗ ನೋವು ಮೂರರ ಒಳಗಿದ್ದು, ಮಾರನೇ ಬೆಳಿಗ್ಗೆ ಹಿಂದಿನ ಲೆಕ್ಕಕ್ಕೆ ಇಳಿದರೆ ಆ ಕೆಲಸ ಮಾಡಬಹುದು. ಐದಕ್ಕೆ ಏರಿದರೆ ಅಥವಾ ಮಾರನೇ ದಿನವೂ ಏರಿಯೇ ಇದ್ದರೆ ಅಷ್ಟು ಮಾಡಬಾರದಿತ್ತು. ಒಂದು ಹಳೆ ನೋಟ್‌ಬುಕ್ಕಿನಲ್ಲಿ ದಿನಾ ಒಂದೇ ಸಾಲು ಬರೆದೆ. ಅದೇ ನೋಟ್‌ಬುಕ್ ಡಾಕ್ಟರ ಮುಂದೆ ಇಟ್ಟಾಗ ಮೊದಲ ಸಲ ನನ್ನ ಮಾತಿಗೆ ತೂಕ ಬಂತು.

ಸಂಜೆ ಹತ್ತು ನಿಮಿಷ ಐಸ್, ಬಟ್ಟೆಯಲ್ಲಿ ಸುತ್ತಿ. ಬರೀ ಚರ್ಮಕ್ಕೆ ಇಡಬೇಡ. ತೆಳು ಹವಾಯಿ ಚಪ್ಪಲಿ ಬಿಟ್ಟು ಹಿಂದೆ ಬೆಲ್ಟ್ ಇರುವ ದಪ್ಪ ಚಪ್ಪಲಿ ಹಾಕಿದೆ. ಮನೆ ಒಳಗೂ.

ನನಗೆ ಮೊದಲು ಪ್ಲಾಸ್ಟರ್ ಹಾಕಿದರು, ಅದರಲ್ಲಿ ಪೂರ್ತಿ ಹೋಗಲಿಲ್ಲ. ಆಮೇಲೆ ಆಪರೇಷನ್. ಮೂಳೆಯ ಸೇತುವೆಯನ್ನು ಕತ್ತರಿಸಿ ತೆಗೆದು, ಮತ್ತೆ ಬೆಸೆಯದಂತೆ ಮಧ್ಯೆ ಮೈಯ ಕೊಬ್ಬನ್ನೇ ತುಂಬಿದರು. ಈಗ ಕ್ಯಾಂಪಸ್ ಪೂರ್ತಿ ನಡೆಯುತ್ತೇನೆ. ತುಂಬಾ ದೂರ ಹೋದರೆ ಎಳೆದ ಹಾಗಾಗುತ್ತದೆ. ಎಲ್ಲರಿಗೂ ಆಪರೇಷನ್ ಬೇಕಾಗುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಬೇಕಾಗಬಹುದು ಅಂತ ರೇಷನ್ ಕಾರ್ಡ್ ತೆಗೆದಿಟ್ಟುಕೊಳ್ಳಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಉಚಿತ ಚಿಕಿತ್ಸೆ ಇದೆ.


ಅಂಕೋಲೆ ಹುಡುಗಿ | ಜೂನ್ 20, ಸಂಜೆ

ನಿನ್ನೆ ಕಾರವಾರಕ್ಕೆ ಹೋಗಿ ಬಂದೆವು. ಅಪ್ಪ, ನಾನು. ದಾರಿ ಪೂರ್ತಿ ಮಳೆ.

ಮೂಳೆ ಡಾಕ್ಟರು ಫೋಟೋವನ್ನು ಎರಡು ಸಲ ನೋಡಿದರು. ಯಾರು ಹೇಳಿಕೊಟ್ಟಿದ್ದು ಅಂತ ಕೇಳಿದರು. ಹಿಮ್ಮಡಿ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿದರು. ಎಡದ್ದು ಅಲ್ಲಾಡಿತು, ಬಲದ್ದು ಅಲ್ಲಾಡಲೇ ಇಲ್ಲ ಅನ್ನಬಹುದು. ಓರೆ ಎಕ್ಸ್‌ರೇಯನ್ನು ನಾವು ಕೇಳುವ ಮೊದಲೇ ಬರೆದರು.

ಕೊಯಲಿಷನ್ನೇ ಇದೆ. ಹಿಮ್ಮಡಿ ಮೂಳೆಯ ಮುಂದಿನ ತುದಿ ಮೂತಿಯ ಹಾಗೆ ಉದ್ದ ಬೆಳೆದು ಇನ್ನೊಂದು ಮೂಳೆಯನ್ನು ಮುಟ್ಟಿದೆ. ಇನ್ನೊಂದರ ಹೆಸರು ನೆವಿಕ್ಯುಲರ್. ಅಂದರೆ ಲ್ಯಾಟಿನ್ ಭಾಷೆಯಲ್ಲಿ ಸಣ್ಣ ದೋಣಿಯಂತೆ. ದೋಣಿಯ ಆಕಾರ ಇದೆ ಅಂತ ಆ ಹೆಸರು. ಡಾಕ್ಟರು ಅದನ್ನು ಹೇಳಿದಾಗ ಅಪ್ಪ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ತುಂಬಾ ಹೊತ್ತು ನೋಡಿದರು. "ದಡಕ್ಕೆ ಕಟ್ಟಿ ಹಾಕಿದ ಹಾಗಿದೆ ಇದು" ಅಂದರು.

ಎಡಗಾಲಿನದ್ದೂ ತೆಗೆದರು, ಯಾಕೆಂದರೆ ಅರ್ಧದಷ್ಟು ಜನರಿಗೆ ಎರಡೂ ಕಡೆ ಇರುತ್ತದಂತೆ. ನನಗೆ ಎಡಗಡೆ ಇಲ್ಲ.

ನಾಲ್ಕು ವಾರ ಪ್ಲಾಸ್ಟರ್. ಮಂಡಿಯ ಕೆಳಗಿನವರೆಗೆ. ಒಳಗೆ ಕೆರಳಿದ್ದು ಶಾಂತವಾಗಲಿ ಅಂತ. ಆಮೇಲೆ ಶೂ ಒಳಗೆ ಇಡುವ ಸೋಲ್, ವ್ಯಾಯಾಮ. ಅದರಲ್ಲೂ ಕಡಿಮೆಯಾಗದಿದ್ದರೆ ಸಿ.ಟಿ., ಆಪರೇಷನ್ ಮಾತು.

ವಾಪಸ್ ಬರುವಾಗ ಬಸ್ಸಿನಲ್ಲಿ ನನಗೆ ಅಳು ಬಂತು. ಬೇಜಾರಿಗಲ್ಲ. ನನ್ನ ಪಾದದಲ್ಲಿ ನಿಜವಾಗಿ ಏನೋ ಇತ್ತು ಅಂತ.


ಶಿರಸಿ ಆಯಿ | ಜೂನ್ 20, ರಾತ್ರಿ

ಅತ್ತುಬಿಡು ಮಗಾ. ಎರಡು ವರ್ಷದ್ದು ಅದು.

ಪ್ಲಾಸ್ಟರ್ ನೆನೆಯದ ಹಾಗೆ ನೋಡಿಕೋ. ಮಳೆಗಾಲದಲ್ಲಿ ಅದೇ ದೊಡ್ಡ ಕಷ್ಟ. ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಮೇಲೆ ಅಗಲ ಟೇಪು ಸುತ್ತಿಕೋ, ಮನೆಗೆ ಬಂದ ಕೂಡಲೇ ತೆಗೆ. ಒಳಗೆ ತುರಿಸಿದರೆ ಕಡ್ಡಿ ಹಾಕಬೇಡ.


ಕುಮಟಾ ಫಿಸಿಯೋ | ಜೂನ್ 20, ರಾತ್ರಿ

ಬೆರಳು ನೀಲಿಯಾದರೆ, ಜುಮ್ಮು ಹಿಡಿದರೆ, ಪ್ಲಾಸ್ಟರ್ ಒಳಗೆ ತಡೆಯಲಾಗದ ನೋವು ಬಂದರೆ ರಾತ್ರಿಯಾದರೂ ಸರಿ ಆಸ್ಪತ್ರೆಗೆ ಹೋಗಬೇಕು. ದಿನಾ ನಾಲ್ಕೈದು ಸಲ ಬೆರಳು ಆಡಿಸುತ್ತಿರು.


ಹೊನ್ನಾವರ ಪಿ.ಟಿ. ಮಾಸ್ತರ್ | ಜೂನ್ 21, ಬೆಳಿಗ್ಗೆ

ಮಗಳೇ, ಶಾಲೆಗೆ ಬಾಯಿಮಾತಲ್ಲಿ ಹೇಳಬೇಡ. ಬರೆದು ಕೊಡು. ನಾನು ಹೇಳಿದ ಹಾಗೆ ಅಪ್ಪನ ಕೈಯಲ್ಲಿ ಬರೆಸು:

"ಮುಖ್ಯ ಶಿಕ್ಷಕರಿಗೆ ನಮಸ್ಕಾರ. ನನ್ನ ಮಗಳ ಬಲ ಪಾದದ ಎರಡು ಮೂಳೆಗಳು ಹುಟ್ಟಿನಿಂದ ಅಂಟಿಕೊಂಡಿವೆ. ಡಾಕ್ಟರ ಚೀಟಿ ಲಗತ್ತಿಸಿದ್ದೇನೆ. ಈ ನೋವು ಕೆಲವು ದಿನ ಇರುತ್ತದೆ, ಕೆಲವು ದಿನ ಇರುವುದಿಲ್ಲ. ಮುಂದಿನ ಮೂರು ತಿಂಗಳು ಅವಳಿಗೆ ಓಟ, ಹಾರುವುದು ಬೇಡ. ಕ್ಲಾಸನ್ನು ಕೆಳಗಿನ ಕೋಣೆಯಲ್ಲಿ ನಡೆಸಲು ಸಾಧ್ಯವಾದರೆ ಉಪಕಾರ. ಪ್ರಾರ್ಥನೆಯ ಹೊತ್ತಿಗೆ ಕೂರಲು ಬಿಡಬೇಕು. ಆಟದ ಪಿರಿಯಡ್‌ನಲ್ಲಿ ಅಂಕ ಬರೆಯುವ, ಸೀಟಿ ಊದುವ ಕೆಲಸ ಕೊಟ್ಟರೆ ಅವಳಿಗೆ ಸಂತೋಷ."

ಕೊನೆಯ ಸಾಲನ್ನು ಬಿಡಬೇಡ. ಏನು ಆಗುವುದಿಲ್ಲ ಅಂತ ಮಾತ್ರ ಬರೆದರೆ ಮಗುವನ್ನು ಮೂಲೆಗೆ ಕೂರಿಸಿ ಮರೆಯುತ್ತಾರೆ. ಏನು ಆಗುತ್ತದೆ ಅಂತಲೂ ಬರೆಯಬೇಕು.


ಅಂಕೋಲೆ ಹುಡುಗಿ | ಜುಲೈ 19, ರಾತ್ರಿ

ಪ್ಲಾಸ್ಟರ್ ತೆಗೆದರು. ಬಲ ಮೀನಖಂಡ ಎಡದ್ದಕ್ಕಿಂತ ಸಣ್ಣ ಆಗಿದೆ. ಚರ್ಮ ಒಣಗಿ ಸಿಪ್ಪೆ ಏಳುತ್ತಿದೆ. ನೋಡಿ ಹೆದರಿದೆ, ಆದರೆ ಹೀಗೇ ಆಗುತ್ತದೆ, ತುಂಬಿಕೊಳ್ಳುತ್ತದೆ ಅಂದರು.

ಶಾಲೆಯಲ್ಲಿ ಅರ್ಜಿ ಕೊಟ್ಟೆವು. ಕ್ಲಾಸ್ ಕೆಳಗೆ ಬರಲಿಲ್ಲ, ಕೋಣೆ ಇಲ್ಲವಂತೆ. ಆದರೆ ಪ್ರಾರ್ಥನೆಗೆ ಕುರ್ಚಿ ಕೊಟ್ಟರು. ಮತ್ತೆ ಥ್ರೋಬಾಲ್‌ಗೆ ನಾನೇ ಅಂಕ ಬರೆಯುತ್ತೇನೆ. ಮೊದಲ ದಿನ ಕೂತು ನೋಡುವುದು ತುಂಬಾ ಕಷ್ಟವಾಯಿತು. ಈಗ ಅಷ್ಟಿಲ್ಲ.

ದಿನಕ್ಕೆ ಎರಡು ಸಲ ಗೋಡೆ ವ್ಯಾಯಾಮ. ಹಿಂದಿನ ಕಾಲು ನೇರ, ಹಿಮ್ಮಡಿ ನೆಲಕ್ಕೆ, ಮುಂದಕ್ಕೆ ವಾಲಿ ಮೂವತ್ತು ಎಣಿಸುವುದು. ಮೂರು ಸಲ. ಆಮೇಲೆ ಒಂಟಿ ಕಾಲಲ್ಲಿ ನಿಲ್ಲುವುದು. ಅಜ್ಜಿ ಪಕ್ಕದಲ್ಲಿ ಕೂತು ಎಣಿಸುತ್ತಾಳೆ.


ಅಂಕೋಲೆ ಹುಡುಗಿ | ಆಗಸ್ಟ್ 24, ಸಂಜೆ

ಅಪ್ಪ ಆಗಸ್ಟ್ 1ಕ್ಕೇ ಬೋಟಿಗೆ ಹೋದರು. ಫೋನ್ ಮಾಡಿದಾಗೆಲ್ಲ ಮೊದಲು "ಇವತ್ತು ಎಷ್ಟು?" ಅಂತ ಕೇಳುತ್ತಾರೆ. ನೋವಿನ ಅಂಕ ಕೇಳುವುದು.

ಈ ವಾರದ್ದು ಹೀಗಿದೆ. ಸೋಮವಾರ 2. ಮಂಗಳವಾರ 2. ಬುಧವಾರ 5, ಬಸ್ ತಪ್ಪಿ ಬದುವಿನ ಮೇಲೆ ಓಡಿದ್ದೆ. ಗುರುವಾರ 4. ಶುಕ್ರವಾರ 2. ನಿನ್ನೆ 1. ಮೊದಲು ಬುಧವಾರದ ಹಾಗೆ ಆದರೆ ಎಂಟು ದಿನ ಬಿಡುತ್ತಿರಲಿಲ್ಲ. ಪ್ಲಾಸ್ಟರ್ ತೆಗೆದ ಮೇಲೆ ಒಂದು ಸಲವೂ ಉಳುಕಿಲ್ಲ. ಮತ್ತೆ ತೋರಿಸಲು ಅಕ್ಟೋಬರ್‌ನಲ್ಲಿ ಬರಲು ಹೇಳಿದ್ದಾರೆ. ಆಪರೇಷನ್ ಬೇಕಾ ಬೇಡವಾ ಅಂತ ಆಗ ನೋಡುತ್ತಾರೆ.

ಈಗ ಒಂದೇ ಪ್ರಶ್ನೆ. ಶೂ ಒಳಗಿನ ಸೋಲ್ ದಿನಾ ಒದ್ದೆಯಾಗುತ್ತಿದೆ. ಒಲೆಯ ಹತ್ತಿರ ಒಣಗಿಸಬಹುದಾ?


ಕುಮಟಾ ಫಿಸಿಯೋ | ಆಗಸ್ಟ್ 24, ರಾತ್ರಿ

ಒಲೆ ಹತ್ತಿರ ಇಡಬೇಡ, ಬಿಸಿಗೆ ಆಕಾರ ಕೆಡುತ್ತದೆ. ಶೂನಿಂದ ಹೊರಗೆ ತೆಗೆದು ಒಣ ಬಟ್ಟೆಯಲ್ಲಿ ಒತ್ತಿ, ಪೇಪರ್ ಸುತ್ತಿ ಫ್ಯಾನಿನ ಕೆಳಗಿಡು. ಬದು ದಾಟುವಾಗ ಬೆಲ್ಟ್ ಇರುವ ಚಪ್ಪಲಿ ಹಾಕಿಕೋ, ಬಸ್ ಸ್ಟಾಪಿನಲ್ಲಿ ಕಾಲು ಒರೆಸಿ ಶೂ ಹಾಕಿಕೋ. ಅಕ್ಟೋಬರ್‌ಗೆ ಹೋಗುವಾಗ ನೋಟ್‌ಬುಕ್ ಮರೆಯಬೇಡ.